ನಮ್ಮ ಮನೆತನದ ಎಚ್ಚರ

ನಾಗಣಸೂರ
೧೪ ಜುಲೈ ೨೦೨೫

ಪ್ರೀತಿಯ ತಂಗಿ ಶುಭಾಂಗಿಗೆ ಅಕ್ಕನ ಆಶೀರ್ವಾದ.

ನಿನಗೆ ಬರೆಯದೆ ಎರಡು ವರ್ಷವಾಯಿತು. ತಪ್ಪು ನನ್ನದೇ. ಫೋನು ಮಾಡಿದರೆ ಅರ್ಧಕ್ಕೆ ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ. ಇದನ್ನಾದರೂ ಕೊನೆಯವರೆಗೆ ಓದು.

ಮೂರು ಗುಳಿಗೆ ನುಂಗಿದರೂ ನನ್ನ ಬಿ.ಪಿ. ಇಳಿಯುತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಮಗಳು ಪ್ರಣಿತಾ ನನ್ನನ್ನು ಸೊಲ್ಲಾಪುರಕ್ಕೆ ಎಳೆದುಕೊಂಡು ಹೋದಳು. ರೈಲು ನಿನ್ನ ಹೋಟಗಿಯಲ್ಲಿ ನಿಂತಿತು. ಇಳಿಯಲು ಧೈರ್ಯವಾಗಲಿಲ್ಲ.

ಅಲ್ಲಿಯ ಡಾಕ್ಟರ್ ಬಾಯಿಯವರು ಮೊದಲು ಕೇಳಿದ್ದೇ ನಿದ್ದೆಯ ಬಗ್ಗೆ.

"ಮೂರು ತಾಸು ಆಗ್ತದರಿ. ಲಗ್ನಕ್ಕಿಂತ ಮೊದಲಿಂದ ಹಿಂಗೇ," ಎಂದೆ.

"ಮನಿಯಾಗ ಮತ್ಯಾರಿಗದ? ಕೇಳಿ ಬರಕೊಂಡ ಬರ್ರಿ," ಎಂದು ಒಂದು ಹಾಳೆ ಕೊಟ್ಟರು.

ಹಾಳೆ ಹಿಡಿದು ಧರ್ಮರಾಜಣ್ಣನ ಮನೆಗೆ ಹೋದೆ. ಅವನು ಅದನ್ನು ಮುಟ್ಟಲೂ ಇಲ್ಲ.

"ನಮ್ಮ ಮನಿತನದಾಗ ಅಂಥಾ ಬ್ಯಾನಿ ಇಲ್ಲ. ನನ್ನ ಮಗಳು ಶ್ರದ್ಧಾನ ಲಗ್ನಕ್ಕ ಸೋಯರಿಕಿ ಮಾತು ನಡದದ, ಬೀಗರ ಕಿವಿಗಿ ಬಿದ್ರ ಏನ್ ಗತಿ? ಸುಮ್ಕ ಕೂಡು."

"ನೀ ರಾತ್ರಿ ಎರಡಕ್ಕ ಎದ್ದು ಸಗಣಿ ಬಳೀತಿ. ಅದೇನು?"

"ಅದು ದುಡಿಮಿ."

ಒಳಗಿನಿಂದ ಗಂಗುಬಾಯಿ ವೈನಿ, "ದುಡಿಮಿ ಇದ್ರ ನನ್ನ ಯಾಕ ಎಬ್ಬಸ್ತೀರಿ? ಈ ಮನಿಗಿ ಬಂದಾಗಿಂದ ಒಂದಿನ ಪೂರಾ ನಿದ್ದಿ ಕಂಡಿಲ್ಲ ನಾ," ಎಂದಳು. ಅಣ್ಣ ಟಿ.ವಿ. ದನಿ ಜೋರು ಮಾಡಿದ.

ಅಣ್ಣನಿಗೆ ಸಕ್ಕರೆ ಕಾಯಿಲೆ, ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಬೇರೆ. ನಾನೇ ಅವನ ಹೆಸರು ಬರೆದೆ. ಕೋಳಿ ಕೂಗುವುದಕ್ಕೆ ಎಷ್ಟೋ ಹೊತ್ತು ಮುಂಚೆ ಜೋಳ ಬೀಸಲು ಕೂರುತ್ತಿದ್ದ, ಐವತ್ತಕ್ಕೇ ಲಕ್ವಾ ಹೊಡೆದು ಹೋದ ಅವ್ವನ ಹೆಸರನ್ನೂ ಬರೆದೆ.

ಡಾಕ್ಟರು ಹಾಳೆ ಓದಿ ಹೇಳಿದರು: "ಇದು ಒಂದ ಜೀನಿಂದ ಬರೂದಲ್ಲರಿ. ನೂರಾರು ಜೀನು ಕೂಡಿ ಸ್ವಲ್ಪ ಸ್ವಲ್ಪ ಎಳೀತಾವ. ನಿದ್ದಿ ಕೆಟ್ಟಲ್ಲಿ ಬಿ.ಪಿ., ಸಕ್ಕರಿ, ಮನಸಿನ ಬ್ಯಾಸರ ಭಾಳ ಸಲ ಜೊತಿಗೇ ಇರ್ತಾವ. ಆದ್ರ ರಕ್ತದಾಗ ಬಂದದ್ದು ಹಣೆಬರಹ ಅಲ್ಲ. ನಿದ್ದಿ ಸುಧಾರಸಬಹುದು."

ಔಷಧಿಗಿಂತ ನಿಯಮಗಳೇ ಹೆಚ್ಚು. ಏಳುವ ಹೊತ್ತು ಒಂದೇ ಇರಬೇಕು, ಹಗಲು ಮಲಗಬಾರದು, ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೇಳಬೇಕು, ಮಧ್ಯಾಹ್ನದ ಮೇಲೆ ಚಹಾ ಕೂಡದು. ನಾಗಣಸೂರಿನಲ್ಲಿ ಸಂಜೆ ಚಹಾ ಬೇಡವೆಂದು ಹೇಳಿ ನೋಡು. "ಅರ್ಧಾ ಕಪ್ಪಿಗಿ ಏನಾಗ್ತದರಿ" ಎಂದು ಎಲ್ಲರೂ ಮುನಿಸಿಕೊಳ್ಳುತ್ತಾರೆ. ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಆದರೂ ಬಿಟ್ಟಿದ್ದೇನೆ. ಈಗ ಐದು ತಾಸು ನಿದ್ದೆಯಾಗುತ್ತಿದೆ, ಬಿ.ಪಿ. ಕೂಡ ಸ್ವಲ್ಪ ಇಳಿದಿದೆ.

ನೀನೂ ಒಮ್ಮೆ ತೋರಿಸಿಕೋ. ಪ್ರಣಿತಾ ಜೊತೆಗೆ ಬರುತ್ತಾಳೆ. ಹೊಲಿಗೆಯ ಗಡಿಬಿಡಿಯಲ್ಲಿ ಊಟ ತಪ್ಪಿಸಬೇಡ. ದೇವರು ನಿನ್ನನ್ನು ತಣ್ಣಗಿಡಲಿ.

ನಿನ್ನ ಅಕ್ಕ,
ಗುರುಬಾಯಿ

ತಾ.ಕ.: ಹಾಳೆಯಲ್ಲಿ ನಿನ್ನ ಹೆಸರು ಬರೆಯುವಾಗ ಕೈ ನಿಂತಿತು. ಹದಿನೆಂಟು ವರ್ಷದ ಹಿಂದೆ ನಿನ್ನ ಗಂಡನ ಮನೆಯವರು, "ಹುಡುಗಿ ರಾತ್ರಿಯೆಲ್ಲ ಕುಂತಿರ್ತಾಳ, ತಲಿ ಸರಿ ಇಲ್ಲ," ಎಂದು ನಿನ್ನನ್ನು ತವರಿಗೆ ತಂದು ಬಿಟ್ಟರು. ಹಿರಿಯರು ನನ್ನನ್ನು ಕೇಳಿದಾಗ, "ನಮ್ಮಲ್ಲಿ ಯಾರಿಗೂ ಹಂಗಿಲ್ಲರಿ, ಅಕಿದು ಬರೇ ಹಟ," ಎಂದೆ. ನನ್ನ ಅತ್ತೆ ಅಲ್ಲೇ ಕೂತಿದ್ದಳು, ನನ್ನನ್ನೂ ಹಾಗೇ ತವರಿಗೆ ಕಳಿಸಿಯಾಳು ಎಂದು ಹೆದರಿದೆ. ಅದರ ಹಿಂದಿನ ರಾತ್ರಿ ಒಂದೇ ಕೌದಿಯಲ್ಲಿ ನಾವಿಬ್ಬರೂ ಬೆಳಗಾಗುವವರೆಗೆ ಎಚ್ಚರವಿದ್ದೆವು. ಅದು ಗೊತ್ತಿದ್ದೂ ನೀನು ಹಿರಿಯರ ಮುಂದೆ ನನ್ನ ಹೆಸರು ಹೇಳಲಿಲ್ಲ.