ಆರಬಾರದ ಹಳದಿ ದೀಪ

...ಇಲ್ಲ, ಈ ರೆಕಾರ್ಡಿಂಗೂ ಸರಿಹೋಗ್ಲಿಲ್ಲ. ಮತ್ತೆ ಮೊದಲಿಂದ ಶುರು ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ ಮುತ್ತಾತ. ಮಂಡ್ಯದಿಂದ ನಿಮ್ಮ ಮರಿಮಗ ಚೆಲುವಯ್ಯ ಮಾತಾಡ್ತಿರೋದು. ಇವತ್ತು ಆಯುಧಪೂಜೆ, ಇಸವಿ ಎರಡು ಸಾವಿರದ ನೂರ ಮೂವತ್ತೊಂದು. ನಂಬೋದು ಕಷ್ಟ, ಗೊತ್ತು. ನನಗೆ ಐವತ್ತಾಯ್ತು ಅನ್ನೋದನ್ನ ನಾನೂ ಇನ್ನೂ ನಂಬಿಲ್ಲ. ನಿಮಗೆ ತಿಳೀದ ಪದ ಬಂದ್ರೆ ಕ್ಷಮಿಸಿ, ಬಿಡಿಸಿ ಹೇಳ್ತೀನಿ.

ಬೆಲ್ಲದ ವ್ಯಾಪಾರ ಕೈಹಿಡಿದಾಗ ನೀವು ಸೆಕೆಂಡ್ ಹ್ಯಾಂಡಲ್ಲಿ ತಂದ್ರಲ್ಲ, ಆ ಜರ್ಮನಿ ಡೀಸೆಲ್ ಕಾರು, ಅದು ಇನ್ನೂ ನಮ್ಮ ಅಂಗಳದಲ್ಲೇ ಇದೆ. ಈಗ ಸ್ವಂತ ಗಾಡಿ ಯಾರೂ ಇಟ್ಕೊಳ್ಳಲ್ಲ. ಬಾಗಿಲಿಗೆ ಸಾಲುಬಂಡಿ ಬರುತ್ತೆ, ಡ್ರೈವರಿಲ್ಲದೆ ಒಂದರ ಹಿಂದೊಂದು ಅಂಟ್ಕೊಂಡು ಓಡೋವು, ಹತ್ತಿ ಕೂತ್ರೆ ಮುಗೀತು. ಡೀಸೆಲ್ ಯಾವತ್ತೋ ಹೋಯ್ತು. ನಿಮ್ಮ ಕಾರಿಗೆ ನಾವೇ ಹೊಂಗೆಬೀಜ ಗಾಣಕ್ಕೆ ಹಾಕಿ ಎಣ್ಣೆ ತೆಗೀತೀವಿ. ಬೆಲ್ಟು, ಪೈಪು ಎಲ್ಲ ನನ್ನ ಮಗಳು ಹೊಂಬಾಳೆ ಮಾಡಿ ಹಾಕ್ತಾಳೆ. ಆದ್ರೂ ನಮ್ಮಪ್ಪ ಹೋದ್ಮೇಲೆ ಅದು ಬರೀ ಕೆಮ್ಮುತ್ತೆ, ಓಡಲ್ಲ.

ಸ್ಟೇರಿಂಗಿನ ಮುಂದೆ ಹಳದಿ ದೀಪ ಮೊದಲು ಹತ್ತಿದಾಗ ಮುತ್ತಜ್ಜಿ ಏನದು ಅಂದಿದ್ದಕ್ಕೆ, ನೀವು "ಅದು ನಂದಾದೀಪ ಕಣೇ, ಉರೀಲಿ ಬಿಡು" ಅಂದ್ರಂತೆ. ನೀವೇನೋ ತಮಾಷೆಗೆ ಅಂದ್ರಿ. ನಮ್ಮನೇಲಿ ಅದು ಪದ್ಧತಿ ಆಗೋಯ್ತು! ಪ್ರತಿ ಆಯುಧಪೂಜೆಗೆ ಬಾನೆಟ್ ತುಂಬ ಚೆಂಡುಹೂ ಸುರಿದು, ಕೀ ತಿರುಗಿಸಿ, ಆ ದೀಪಕ್ಕೆ ಆರತಿ ಎತ್ತೋದು. ನಮ್ಮವ್ವ ದೇವೀರಮ್ಮ ಈಗಲೂ ಸೆರಗು ಹೊದ್ದು ಕೈಮುಗೀತಾಳೆ. ಕಾರಿಗೆ ಮೈ ಹುಷಾರಿಲ್ಲದಾಗ ಹತ್ತೋ ದೀಪ ಅದು ಅಂತ ಅವಳಿಗೆ ಹೆಂಗೆ ಹೇಳ್ಲಿ?

ಈಗ ಚಾಲ್ತಿಯಮ್ಮ ಬಂದು ಅಂಗಳದಲ್ಲಿ ಕೂತಿದ್ದಾರೆ. ಹಳೇ ಯಂತ್ರ ನಡೀತಾವೋ ಇಲ್ವೋ ಅಂತ ನೋಡೋರಿಗೆ ನಾವು ಇಟ್ಟಿರೋ ಹೆಸರು. ಬೀದಿ ಕೊನೇವರೆಗೆ ತಾನಾಗೇ ಓಡದ ಗಾಡಿ ಸೀದಾ ಕರಗುಮನೆಗೆ, ಅಂದ್ರೆ ಕಬ್ಬಿಣ ಕರಗಿಸಿ ಹೊಸದು ಎರೆಯೋ ಜಾಗಕ್ಕೆ. "ಚೆಲುವಯ್ಯನೋರೇ, ಇದು ಕಾರೋ ಗುಡಿಯೋ?" ಅಂದ್ರು. "ಗುಡಿ ಅಂದ್ರೆ ಬಿಟ್ಬಿಡ್ತೀರಾ?" ಅಂದೆ. ನಕ್ರು. ಆದ್ರೆ ಬಿಡಲ್ಲ.

ಈ ಮಳೆಗಾಲದಲ್ಲಿ ಒಂದು ವಿಚಿತ್ರ ಆಯ್ತು. ಮುಂದಿನ ಗಾಜಿನ ಬುಡದಲ್ಲಿ ಚೆಂಡುಹೂವಿನ ಗಿಡ ಹುಟ್ತು! ಅವ್ವ "ದೇವರು ಒಲಿದ" ಅಂದ್ಲು. ನಾನು ಮೆಲ್ಲಗೆ ಕಿತ್ತೆ, ಬೇರು ಎಳೆದಷ್ಟೂ ಬಂತು. ಗಾಜಿನ ಕೆಳಗೆ ನೀರು ಹರಿದುಹೋಗೋ ತೂತಿದೆ ಮುತ್ತಾತ. ನಾವೆಲ್ಲ ಸುರಿದ ಹೂವು ಅಲ್ಲಿ ಕೊಳೆತು, ಗೊಬ್ಬರವಾಗಿ, ಕಟ್ಟಿಕೂತಿತ್ತು. ಮಳೆನೀರು ಒಳಕ್ಕಿಳಿದು ವೈರೆಲ್ಲ ನೆನೀತಿತ್ತು. ಪೂಜೆ ಮಾಡಿ ಮಾಡಿ ಮುಳುಗಿಸಿದ್ವಿ. ಈಗ ತೂತು ಬಿಡಿಸಿ, ವೈರುಗಳನ್ನ ಬಿಸಿಲಿಗೆ ಒಣಗಿಸಿ, ತುಕ್ಕು ಹಿಡಿದಿದ್ದನ್ನ ಹೊಂಬಾಳೆ ಬದಲಾಯಿಸಿದ್ದಾಳೆ. ಕೀ ಅವಳ ಕೈಗೇ ಕೊಟ್ಟು ನಾನು ಹಿತ್ತಲಿಗೆ ಬಂದ್ಬಿಟ್ಟೆ. ನೋಡೋ ಧೈರ್ಯ ಇಲ್ಲ.

ಒಂದೇ ಕೇಳ್ಕೊಳ್ಳೋದು. ಈ ಮಾತು ಹಿಂದಕ್ಕೆ ನಿಮ್ಮ ಕಾಲಕ್ಕೆ ತಲುಪಿದ್ರೆ, ಪೂಜೆ ಖಂಡಿತ ಮಾಡಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಎಲ್ಲ ಮಾಡಿ. ಹಾರ ಮಾತ್ರ ಒಳಗಡೆ, ಸ್ಟೇರಿಂಗಿಗೆ ಹಾಕಿ. ಮತ್ತೆ ಆ ದೀಪ ಏನು ಅಂತ ಮುತ್ತಜ್ಜಿ ಕೇಳಿದಾಗ...

"ಅಪ್ಪಾ! ಎಲ್ಲಿ ಸತ್ತೆ? ಸ್ಟಾರ್ಟ್ ಆಯ್ತು! ದೀಪ ಆರೋಯ್ತು ಅಂತ ಅಜ್ಜಿ ಗೋಳಾಡ್ತಾವ್ಳೆ, ಬಂದು ಸಮಾಧಾನ ಮಾಡು!"

ಬಂದೇ, ಬಂದೇ ಮಗಳೇ! ಕೇಳಿಸ್ತಾ ಮುತ್ತಾತ, ಆ ಸದ್ದು? ಇಡ್ತೀನಿ. ಅವ್ವನ್ನ ಮುಂದಿನ ಸೀಟಲ್ಲೇ ಕೂರಿಸ್ಕೊಂಡು ಬೀದಿ ಕೊನೇವರೆಗೂ ಹೋಗ್ತೀನಿ.