ಮೂರನೇ ಚರಣ

ಸಲೈಲುವಾ, ಸವಾಯಿ ದ್ವೀಪ
ಸೋಮವಾರ, ಜುಲೈ 14

ನನ್ನ ಬಂಗಾರದ ಸೆಪೊರಾ,

ದೇವರು ನಿನ್ನನ್ನೂ ಪುಟ್ಟ ಇಯೋನನನ್ನೂ ತಂಪಾಗಿಟ್ಟಿರಲಿ. ನಿನ್ನ ಕಾಗದ ಓದಿದೆ. ಮಗು ಬಾಯಿ ಹಾಕಿ ಹಾಲು ಇಳಿಯುವ ಹೊತ್ತಿಗೆ ಎದೆ ಧಸಕ್ಕೆನ್ನುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ, ತಾಯಿಯಾಗಲು ನಾನು ಲಾಯಕ್ಕಲ್ಲ ಅಂತ ಬರೆದಿದ್ದೀಯ. ಹಾಲಿನ ಪುಡಿಯ ಡಬ್ಬಿಯನ್ನೂ ತಂದಿಟ್ಟಿದ್ದೀಯ. ಇರಲಿ. ಅದನ್ನು ತೆರೆಯುವ ಮೊದಲು ನನ್ನದೊಂದು ಪೆದ್ದುತನ ಕೇಳು.

ನೀನು ಕೂಸಾಗಿದ್ದಾಗ, ಊರಲ್ಲಿ ಸಂಜೆ ಪ್ರಾರ್ಥನೆಗೆ ಶಂಖ ಊದಿದರೆ ಸಾಕು, ನಿನಗೆ ಹಸಿವು. ಮನೆಮಂದಿ ಚಾಪೆಯ ಮೇಲೆ ಕೂತು ಕೀರ್ತನೆ ಎತ್ತುವರು, ನಾನು ಮೂಲೆಯಲ್ಲಿ ನಿನಗೆ ಹಾಲೂಡಿಸುವೆ. ಆಗ ನನಗೂ ಹಾಗೇ ಆಗುತ್ತಿತ್ತು, ದೋಣಿ ದೊಡ್ಡ ಅಲೆಯಿಂದ ಕೆಳಗಿಳಿದಂತೆ. ಸರಿಯಾಗಿ ಪ್ರಾರ್ಥನೆಯ ಹೊತ್ತಿಗೇ ಹೀಗಾಗುತ್ತದಲ್ಲ, ದೇವರು ನನ್ನಿಂದ ಮುಖ ತಿರುಗಿಸಿದ್ದಾನೆ ಎಂದುಕೊಂಡೆ. ಒಂದು ದಿನವಿಡೀ ಉಪವಾಸ ಬೇರೆ ಮಾಡಿದೆ, ಹಾಲೂಡಿಸುವ ಹೆಂಗಸು!

ಕೊನೆಗೆ ಪಾದ್ರಿಯ ಹೆಂಡತಿ ಅಪಿಕಾಯಿಲಮ್ಮನ ಹತ್ತಿರ ಹೇಳಿಕೊಂಡು ಅತ್ತೆ. ಅವರು ಸುಟ್ಟ ಜೀಗುಜ್ಜೆಯ ಸಿಪ್ಪೆ ಕೆರೆಯುತ್ತಿದ್ದರು.

"ಮಧ್ಯಾಹ್ನ ಹಾಲು ಕೊಡುವಾಗ ಹಾಗಾಗಲ್ವೇನೆ?" ಅಂದರು.

"ಆಗುತ್ತಮ್ಮಾ."

"ಮಧ್ಯಾಹ್ನ ಯಾರೇ ಶಂಖ ಊದ್ತಾರೆ? ದಡ್ಡಿ, ಇದು ಹಾಲಿನ ಕೆಲಸ ಕಣೆ, ದೇವರ ತಲೆಗ್ಯಾಕೆ ಕಟ್ತೀಯ? ನನಗೂ ಆಗ್ತಿತ್ತು. ಎಷ್ಟು ಹೊತ್ತಿರುತ್ತೆ?"

ಕೀರ್ತನೆಯ ಎರಡು ಚರಣದಷ್ಟು ಎಂದೆ.

"ಹಾಗಾದ್ರೆ ಮೂರನೇದನ್ನೂ ಹಾಡು. ಈಗ ಮೊದಲು ತಿನ್ನು!" ಎಂದು ಅರ್ಧ ಜೀಗುಜ್ಜೆ ಕೈಗಿಟ್ಟರು.

ನಿಜ ಕಣೆ. ಮೂರನೇ ಚರಣಕ್ಕೆ ಮೈ ಹಗುರ, ಕಣ್ಣು ಎಳೆಯುವಂಥ ನೆಮ್ಮದಿ. ಆಗ ನಿನ್ನಪ್ಪ ಗದರಿದರೂ ನನಗೆ ನಗುವೇ.

ನೀನೂ ಹಾಡಿ ನೋಡು. ಹಾಲೂಡಿಸುವುದು, ಬಿಡುವುದು ನಿನ್ನಿಷ್ಟ. ಮಗುವಿನ ಮೇಲೆ ಪ್ರೀತಿಯಿಲ್ಲ ಎಂದುಕೊಂಡು ಮಾತ್ರ ಬಿಡಬೇಡ. ದಿನವಿಡೀ ದುಃಖ ಕಾಡಿದರೆ ನರ್ಸಮ್ಮನಿಗೆ ಹೇಳು, ನಾಚಬೇಡ. ಶನಿವಾರದ ಹಡಗಿಗೆ ನಾನೇ ಬರುತ್ತೇನೆ, ಬಾಣಂತಿಗೆಂದು ಎಳನೀರಿನ ಗಂಜಿ ಕಾಯಿಸಿಕೊಂಡು.

ನಿನ್ನ ಅಮ್ಮ,
ಲೆಪೆಕಾ

ತಾ.ಕ.: ನಿನ್ನಣ್ಣ ತವಿತ ಹುಟ್ಟಿದಾಗ ನನ್ನ ಹಾಲು ಬತ್ತಿತು ಅಂತ ಊರಿಗೆಲ್ಲ ಹೇಳಿದ್ದೇನೆ. ಬತ್ತಿರಲಿಲ್ಲ. ಇದೇ ಭಯಕ್ಕೆ ಮೂರೇ ವಾರಕ್ಕೆ ಬಿಟ್ಟೆ. ಅವನು ಬೆಳೆದದ್ದು ನಿನ್ನ ಸೋದರತ್ತೆ ಲೋಸಾಳ ಹಾಲಿನಲ್ಲಿ. ನಿನ್ನೆ ಭಾನುವಾರ ಆ ಭೀಮ ಕೂತ ರಭಸಕ್ಕೆ ಚರ್ಚಿನ ಬೆಂಚೇ ಮುರಿಯಿತು. ನೆಲಕ್ಕೆ ಬಿದ್ದವನು ಅಷ್ಟು ಜನರ ನಡುವೆ ಮೊದಲು ಹುಡುಕಿದ್ದು ನನ್ನ ಮುಖವನ್ನೇ.