ನೆಲ ಒಣಗಿದೆಯೆಂದು ನೆಲಮಾಳಿಗೆಗೆ ಬೀಗ ಜಡಿದವರಿಗೆ

ಕೌಂಟಿಯ ವಿಪತ್ತು ನಿರ್ವಹಣಾ ಅಧಿಕಾರಿಗಳಾದ ಮಾನ್ಯರೇ,

ಹಳೆಯ ಶಾಲೆಯ ನೆಲಮಾಳಿಗೆಗೆ ಹಾಕಿಸಿರುವ ಬೀಗ ತೆಗೆಸಿ. ಕ್ಷೇಮಸಮಾಚಾರ ಆಮೇಲೆ ಮಾತಾಡೋಣ. ಇಳಿಜಾರಿನ ಮೇಲೆ ತಗಡಿನ ಟ್ರೇಲರ್ ಮನೆಗಳಲ್ಲಿ ಬಾಳುವ ಹದಿನೇಳು ಕುಟುಂಬಗಳಿಗೆ ಸುಂಟರಗಾಳಿ ಬಂದಾಗ ಓಡಿಹೋಗಲು ಇರುವುದು ಅದೊಂದೇ ಜಾಗ. ಅದರೊಳಗೆ ಈಗ ತಾವು ಕ್ರಿಸ್‌ಮಸ್ ಮೆರವಣಿಗೆಯ ಅಲಂಕಾರವನ್ನೂ ಕಚೇರಿಯ ಹಳೇ ಮೇಜುಗಳನ್ನೂ ಭದ್ರವಾಗಿ ಇಟ್ಟಿದ್ದೀರಿ. ಮೇಜುಗಳಿಗೆ ಗಾಳಿಯ ಭಯ ಇಷ್ಟಿದೆಯೆಂದು ನಮಗೆ ತಿಳಿದಿರಲಿಲ್ಲ, ಕ್ಷಮಿಸಬೇಕು.

ಕಳೆದ ವಾರ ಬೀಗ ತೆಗೆಸಿ ಎಂದು ಕೇಳಲು ಬಂದಾಗ ತಾವು ಒಂದು ನಕ್ಷೆ ಬಿಡಿಸಿಟ್ಟಿರಿ.

"ನೋಡಿ ಅಜ್ಜಿ, ಅಕ್ಟೋಬರ್‌ನಿಂದ ಮಳೆ ಇಲ್ಲ. ಮಣ್ಣಲ್ಲಿ ತೇವ ಇಲ್ದಿದ್ರೆ ಆವಿ ಏಳಲ್ಲ, ಆವಿ ಏಳ್ದೆ ಗುಡುಗು ಮೋಡ ಕಟ್ಟಲ್ಲ. ಬರದ ಬೆನ್ನಿಗೆ ಬರೋ ವಸಂತದಲ್ಲಿ ಸುಂಟರಗಾಳಿ ಕಮ್ಮಿ. ಇದು ವಿಜ್ಞಾನ."

"ಕಮ್ಮಿ ಅಂದ್ರೆ ಎಷ್ಟಪ್ಪಾ?"

"ಕಮ್ಮಿ ಅಂದ್ರೆ ಕಮ್ಮಿ, ಅಜ್ಜಿ."

"ಒಂದೂ ಬರಲ್ಲ ಅಂತ ಬರ್ಕೊಡ್ತೀಯಾ?"

ತಾವು ಕಾಫಿ ಲೋಟ ಎತ್ತಿಕೊಂಡಿರಿ.

ನಾನು ಆರನೇ ಕ್ಲಾಸಿನ ತನಕ ಓದಿದವಳು. ಆದರೂ ವಿಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಉತ್ತರ ಜಾರ್ಜಿಯಾದ ಕೆಂಪು ಜೇಡಿಮಣ್ಣು ಚಳಿಗಾಲದಲ್ಲಿ ಬಿರುಕು ಬಿಟ್ಟರೆ ವಸಂತದ ಗಾಳಿ ಸಪ್ಪಗಿರುತ್ತದೆಂದು ನಮ್ಮಪ್ಪ ಬೇಲಿಕಂಬಕ್ಕೆ ಗುಂಡಿ ತೋಡುತ್ತಾ ಹೇಳುತ್ತಿದ್ದ. ಬಹುಪಾಲು ಹಾಗೇ ಆಗುತ್ತಿತ್ತು. ಆ ಬಹುಪಾಲನ್ನು ನಂಬಿಯೇ ನಾನು ಕೆಟ್ಟೆ.

ನಮ್ಮ ಕಡೆ ಸ್ವಂತ ನೆಲವಿದ್ದವರ ಮನೆಯ ಹಿಂದೆ, ಸುಂಟರಗಾಳಿ ಬಂದರೆ ನೆಲದೊಳಗೆ ಅಡಗಿಕೊಳ್ಳಲು ಮೆಟ್ಟಿಲು, ಬಾಗಿಲು ಇರುವ ಗುಂಡಿ ಇರುತ್ತದೆ. ಮಳೆಯ ವರ್ಷ ಖಾಲಿ ಇಡುತ್ತೇವೆ. ಒಣ ವರ್ಷ ಬಂತೆಂದರೆ ಧೈರ್ಯವಾಗಿ ಗೆಣಸಿನ ಪೆಟ್ಟಿಗೆ, ಪೀಚ್ ಹಣ್ಣಿನ ಜಾಡಿ ತುಂಬುತ್ತೇವೆ. ಹತ್ತೊಂಬತ್ತು ವರ್ಷದ ಹಿಂದೆ ನಾನೂ ತುಂಬಿದೆ. "ಈ ಸಲ ಸುಂಟರಗಾಳಿಗೇ ಕುಡಿಯೋಕೆ ನೀರಿಲ್ಲ ಕಣೇ ಓಲೀನ್, ಇಲ್ಲಿಗೇನ್ ಬರುತ್ತೆ!" ಎಂದು ನನ್ನ ಗಂಡ ಹೋಯ್ಟ್ ನಗುತ್ತಾ ಇನ್ನೆರಡು ಪೆಟ್ಟಿಗೆ ಇಳಿಸಿದ. ಆ ವಸಂತದಲ್ಲಿ ಬಂದದ್ದು ಒಂದೇ ಒಂದು. ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರು ಗಂಟೆ. ನಾನು, ಮಗಳು ಮುದುರಿ ಕೂರುವಷ್ಟೇ ಜಾಗವಿತ್ತು. ಹೋಯ್ಟ್ ಮೆಟ್ಟಿಲ ಮೇಲೆ ನಿಂತು ಪೆಟ್ಟಿಗೆಗಳನ್ನು ಎಳೆದು ಹೊರಗೆಸೆಯುತ್ತಲೇ ಇದ್ದ. "ಬಾಗ್ಲು ಹಾಕ್ಕೊಳೇ, ಇದೊಂದು ತೆಗೆದು ಬಂದೆ" ಅಂದ. ಬರಲಿಲ್ಲ. ಒಳಗೆ ಉಳಿದಿದ್ದ ಜಾಡಿಗಳಲ್ಲಿ ಒಂದೂ ಒಡೆದಿರಲಿಲ್ಲ.

ಆ ವರ್ಷವೂ ತಮ್ಮ ನಕ್ಷೆಯಲ್ಲಿ 'ಕಮ್ಮಿ' ಎಂದೇ ಇರಬೇಕು. ಸರಿಯಾಗಿಯೇ ಇದೆ. ಆದರೆ ನಮ್ಮ ಹೊಲ ಒಣಗಿದ್ದರೇನು, ದಕ್ಷಿಣದ ಕೊಲ್ಲಿಯಿಂದ ತೇವ ಹೊತ್ತು ಬರುವ ಗಾಳಿ ನಮ್ಮ ಮಣ್ಣಿನ ಅಪ್ಪಣೆ ಕೇಳಿ ಬರುತ್ತದೆಯೇ? ಹತ್ತರ ಬದಲು ಒಂದೇ ಬಂದರೆ, ಆ ಒಂದಕ್ಕೆ ಸಿಕ್ಕವರು ಹತ್ತನೇ ಒಂದು ಪಾಲು ಮಾತ್ರ ಸಾಯುತ್ತಾರೆಯೇ?

ಶನಿವಾರ ಬೆಳಗ್ಗೆ ಹತ್ತು ಗಂಟೆಯೊಳಗೆ ಜಾಗ ಖಾಲಿ ಮಾಡಿಸಿ, ಕೀಲಿಯನ್ನು ಇಳಿಜಾರಿನವರ ಕೈಗೆ ಕೊಡಿ. ಇಲ್ಲವಾದರೆ ಹತ್ತೂ ಐದಕ್ಕೆ ನಾನೇ ಬೀಗ ಕತ್ತರಿಸುತ್ತೇನೆ. ಪೊಲೀಸರನ್ನು ಕಳಿಸುವುದಾದರೆ ಸೊಂಟ ಗಟ್ಟಿ ಇರುವವರನ್ನೇ ಕಳಿಸಿ, ಮೇಜುಗಳು ಭಾರ ಇವೆ. ಅವನ್ನೆಲ್ಲ ತಮ್ಮ ಕಚೇರಿಯ ಮುಂದೆ ಬಯಲಲ್ಲಿ ಸಾಲಾಗಿ ಇಟ್ಟು ಹೋಗುತ್ತೇವೆ. ಮಳೆಯೂ ಇಲ್ಲ, ಗಾಳಿಯೂ ಇಲ್ಲವೆಂದು ತಮಗೆ ಖಾತ್ರಿ ಇದೆಯಲ್ಲ.

ಇಂತಿ,
ಒಮ್ಮೆ ತಮ್ಮಂತೆಯೇ ಯೋಚಿಸಿದ್ದ
ಓಲೀನ್ ಪ್ರುಯಿಟ್